ಕ್ವಿಲ್ಟೆಡ್ ಬಾಲ್ ಗೌನ್: ಬಿಚ್ಚುವ ಮೊದಲು ದೋಷ ಹುಟ್ಟಿದ್ದೆಲ್ಲಿ ಎಂದು ನೋಡಿ

ಸ್ಯಾಟಿನ್‌ನಲ್ಲಿ ಒಮ್ಮೆ ಸೂಜಿ ಇಳಿದರೆ ತೂತು ಉಳಿದೇ ಉಳಿಯುತ್ತದೆ. ಹತ್ತಿ ಬಟ್ಟೆಯಾದರೆ ನೀರು ಚಿಮುಕಿಸಿ ಉಗುರಿನಿಂದ ಸವರಿದರೆ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ಸ್ಯಾಟಿನ್, ಟಫೆಟಾಗಳಲ್ಲಿ ಹಾಗಾಗುವುದಿಲ್ಲ. ಅದಕ್ಕೇ ಕ್ವಿಲ್ಟ್ ಮಾಡಿದ, ಅಂದರೆ ಎರಡು ಬಟ್ಟೆಗಳ ನಡುವೆ ಮೆತ್ತನೆ ಪದರ ಇಟ್ಟು ಗೆರೆಗೆರೆಯಾಗಿ ಹೊಲಿದ, ಗೌನ್‌ನಲ್ಲಿ ಸುಕ್ಕು ಕಂಡ ಕೂಡಲೇ ಬಿಚ್ಚಿ ಇನ್ನೊಮ್ಮೆ ಹೊಲಿಯಲು ಕೂರಬಾರದು. ದೋಷ ಕಾಣುವ ಜಾಗ ಒಂದು, ಹುಟ್ಟಿದ ಜಾಗ ಇನ್ನೊಂದು. ಸೊಂಟದ ಕೆಳಗೆ ಬಿದ್ದ ಗೆರೆಗೆ ಅಂಚಿನ ಮಣಿಯ ಭಾರ ಕಾರಣವಿರಬಹುದು. ರವಿಕೆ ಭಾಗ ಬಿಗಿಯಾಗಿದ್ದರೆ ಅಳತೆ ಸರಿಯೇ ಇದ್ದು ಒಳಗಿನ ಮೆತ್ತನೆ ಪದರ, ಅಂದರೆ ವ್ಯಾಡಿಂಗ್, ದಪ್ಪವಾಗಿರಬಹುದು. ಕಾರಣ ಗೊತ್ತಾಗದೆ ಬಿಚ್ಚಿದರೆ ಅದೇ ಸುಕ್ಕು ಎರಡನೇ ಸಾಲು ತೂತುಗಳ ಜೊತೆ ಮರಳಿ ಬರುತ್ತದೆ.

ಮಂಗಳೂರು, ಉಡುಪಿ ಕಡೆ ಇದಕ್ಕೆ ಇನ್ನೊಂದು ತೊಡಕೂ ಇದೆ. ಕ್ರಿಸ್‌ಮಸ್ ಕಳೆದ ಮೇಲೆ ಇಗರ್ಜಿಗಳಲ್ಲಿ ನಡೆಯುವ ಮದುವೆಗಳಿಗೆ ಬೇಕಾದ ದೊಡ್ಡ ಗೌನ್‌ಗಳ ಕೆಲಸ ಹಿಡಿಯುವುದು ಮಳೆಗಾಲದಲ್ಲಿ. ಜುಲೈಯ ತೇವದಲ್ಲಿ ಕತ್ತರಿಸಿದ ಬಟ್ಟೆಯನ್ನು ಜನವರಿಯ ಒಣಹವೆಯಲ್ಲಿ ತೊಡುತ್ತಾರೆ.

ಲೆಕ್ಕಕ್ಕಾಗಿ ಒಂದು ಗೌನ್ ಇಟ್ಟುಕೊಳ್ಳೋಣ. ಸೊಂಟ 70 ಸೆಂ.ಮೀ., ಸೊಂಟದಿಂದ ನೆಲಕ್ಕೆ 105 ಸೆಂ.ಮೀ., ಪೂರ್ಣ ವೃತ್ತದ ಘೇರು (ಸೊಂಟದಿಂದ ಕೆಳಗಿನ ಭಾಗ), 8 ಕಲಿಗಳು (ಸೊಂಟದಿಂದ ಅಂಚಿಗೆ ಅಗಲವಾಗುವ ತುಂಡುಗಳು). ಸೊಂಟದ ವೃತ್ತದ ತ್ರಿಜ್ಯ ಸುಮಾರು 11 ಸೆಂ.ಮೀ., ಅಂಚಿನದು 116 ಸೆಂ.ಮೀ. ಅಂಚಿನ ಸುತ್ತಳತೆ 7.3 ಮೀಟರ್, ಒಂದೊಂದು ಕಲಿಯ ಬುಡ 91 ಸೆಂ.ಮೀ. 44 ಇಂಚು ಪನ್ನದ ಬಟ್ಟೆಯಲ್ಲಿ ಇದು ಆರಾಮವಾಗಿ ಕೂರುತ್ತದೆ. ಒಟ್ಟು ಹರವು 4.2 ಚದರ ಮೀಟರ್. ಮೇಲೆ 120 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಸ್ಯಾಟಿನ್, ನಡುವೆ 100 ಜಿಎಸ್ಎಂ ಪಾಲಿಯೆಸ್ಟರ್ ವ್ಯಾಡಿಂಗ್, ಒಳಗೆ 60 ಜಿಎಸ್ಎಂ ಮಲ್ (ತೆಳು ಹತ್ತಿ) ಬಟ್ಟೆ ಎಂದಿಟ್ಟುಕೊಂಡರೆ ಘೇರಿನ ತೂಕ ಸುಮಾರು 1.2 ಕೆ.ಜಿ. ವ್ಯಾಡಿಂಗ್ 200 ಜಿಎಸ್ಎಂ ಆದರೆ 1.6 ಕೆ.ಜಿ. ಇದಕ್ಕೆ ಮಣಿ, ಘೇರನ್ನು ಉಬ್ಬಿಸುವ ಕ್ಯಾನ್‌ಕ್ಯಾನ್ ಪೆಟಿಕೋಟ್ ಇನ್ನೂ ಸೇರಿಲ್ಲ. ಕೆಳಗೆ ಹೇಳುವ ಕೆಲವು ದೋಷಗಳು ಈ ತೂಕದಿಂದಲೇ ಬರುವಂಥವು.

ಮಾದರಿ ತುಂಡು

ಕ್ವಿಲ್ಟ್ ಮಾಡಿದರೆ ಬಟ್ಟೆ ಕುಗ್ಗುತ್ತದೆ. ಎಷ್ಟು ಎನ್ನುವುದು ವ್ಯಾಡಿಂಗ್‌ನ ದಪ್ಪ ಮತ್ತು ಗೆರೆಗಳ ಅಂತರದ ಮೇಲೆ ನಿಂತಿದೆ. 35 ಸೆಂ.ಮೀ. ಚೌಕದ ಮೂರು ಪದರ ಜೋಡಿಸಿ, ಅದರೊಳಗೆ 25 ಸೆಂ.ಮೀ. ಚೌಕ ಗುರುತು ಹಾಕಿ, ಗೌನ್‌ಗೆ ಹಾಕಲಿರುವ ವಿನ್ಯಾಸವನ್ನೇ ಹೊಲಿದು ಮತ್ತೆ ಅಳೆಯಿರಿ. 25 ಇದ್ದದ್ದು 24 ಆದರೆ ಕುಗ್ಗಿದ್ದು ಶೇ. 4, 105 ಸೆಂ.ಮೀ. ಉದ್ದದ ಕಲಿಯಲ್ಲಿ ಅದು 4 ಸೆಂ.ಮೀ.ಗೂ ಹೆಚ್ಚು. ಕಲಿಗಳನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಆಮೇಲೆ ಕ್ವಿಲ್ಟ್ ಮಾಡಿದವರ ಗೌನ್ ಗಿಡ್ಡವಾಗುವುದು ಹೀಗೆ. ಸುತ್ತಲೂ 5 ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿ, ಕ್ವಿಲ್ಟ್ ಮುಗಿದ ಮೇಲೆ ಪೇಪರ್ ಪ್ಯಾಟರ್ನ್ ಇಟ್ಟು, ಸೊಂಟದ ಅಂಚೊಂದನ್ನು ಬಿಟ್ಟು ಉಳಿದ ಕಡೆ ಅಳತೆಗೆ ತನ್ನಿ. ಈ ಹೆಚ್ಚುವರಿ ಅಂಚು ಮುಂದೆ ದೋಷ ಪರೀಕ್ಷೆಗೂ ಬೇಕಾಗುತ್ತದೆ.

ಮಲ್ ಬಟ್ಟೆಯನ್ನು ಮೊದಲೇ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿರಬೇಕು. ಇದನ್ನು ಬಿಟ್ಟರೆ ಮುಂದಿನ ಯಾವ ಪರೀಕ್ಷೆಯ ಫಲವನ್ನೂ ನಂಬಲಾಗದು.

ಹೊಲಿಗೆಯ ಉದ್ದಕ್ಕೂ ಸುಕ್ಕು

ಅತಿ ಹೆಚ್ಚು ಕಾಣುವ ದೋಷ ಇದು, ಅತಿ ಹೆಚ್ಚು ತಪ್ಪು ಚಿಕಿತ್ಸೆ ಪಡೆಯುವುದೂ ಇದೇ. ಸುಕ್ಕು ಕಂಡ ಕೂಡಲೇ ಕೈ ಯಂತ್ರದಲ್ಲಿ ನೂಲಿನ ಬಿಗಿತ ಹೊಂದಿಸುವ ಟೆನ್ಷನ್ ಗುಂಡಿಗೆ ಹೋಗುತ್ತದೆ. ಆದರೆ ಸುಕ್ಕಿಗೆ ಕಾರಣ ಟೆನ್ಷನ್ ಒಂದೇ ಅಲ್ಲ. ಯಾವುದೆಂದು ತಿಳಿಯಲು ಕತ್ತರಿ ಪರೀಕ್ಷೆ ಮಾಡಿ. ಇದನ್ನು ಹೆಚ್ಚುವರಿ ಅಂಚಿನಲ್ಲಿ ಅಥವಾ ಮಾದರಿ ತುಂಡಿನಲ್ಲಿ ಮಾಡಿದರೆ ಗೌನ್‌ಗೆ ಹಾನಿಯಿಲ್ಲ.

ಸುಕ್ಕಾದ ಗೆರೆಯಲ್ಲಿ ಮೇಲಿನ ನೂಲನ್ನು ಮಾತ್ರ 5 ಸೆಂ.ಮೀ.ಗೊಂದರಂತೆ ಎರಡು ಮೂರು ಕಡೆ ಕತ್ತರಿಸಿ, ಬಟ್ಟೆಯನ್ನು ಮೇಜಿನ ಮೇಲೆ ಸುಮ್ಮನೆ ಬಿಡಿ. ಕತ್ತರಿಸಿದ ಕಡೆ ಸುಕ್ಕು ಸಡಿಲವಾಗಿ ಬಟ್ಟೆ ಮಲಗಿದರೆ ಮೇಲಿನ ಟೆನ್ಷನ್ ಹೆಚ್ಚಿದೆ. ಮಲಗದಿದ್ದರೆ ಅದೇ ಜಾಗದಲ್ಲಿ ಅಡಿಯಿಂದ ಬರುವ ಬಾಬಿನ್ ನೂಲನ್ನೂ ಕತ್ತರಿಸಿ. ಈಗ ಸಡಿಲವಾದರೆ ದೋಷ ಬಾಬಿನ್ ಕಡೆಯದು. ಎರಡನ್ನೂ ಕತ್ತರಿಸಿದ ಮೇಲೆ ಬಟ್ಟೆ ಮಲಗಿತು, ಆದರೆ ಎರಡು ಗೆರೆಗಳ ನಡುವೆ ಒಂದು ಪದರ ಇನ್ನೊಂದಕ್ಕಿಂತ ಉದ್ದವಾಗಿ ಉಬ್ಬಿ ನಿಂತಿತು ಎಂದಾದರೆ ಟೆನ್ಷನ್ ಮುಟ್ಟಬೇಡಿ. ಪದರ ಜಾರಿದೆ, ಅದಕ್ಕೆ ಮುಂದಿನ ಭಾಗ ನೋಡಿ. ನೂಲು ಪೂರ್ತಿ ತೆಗೆದ ಮೇಲೂ ಸೂಜಿ ಹೋದ ಗೆರೆಯಲ್ಲೇ ಸಣ್ಣ ಅಲೆ ಉಳಿದರೆ ಬಟ್ಟೆಯ ನೇಯ್ಗೆ ತುಂಬಾ ಒತ್ತಾಗಿದೆ ಎಂದರ್ಥ. ನೂಲು ಒಳಹೋಗಲು ಜಾಗ ಸಾಲದೆ ಬಟ್ಟೆಯ ಎಳೆಗಳನ್ನೇ ಪಕ್ಕಕ್ಕೆ ತಳ್ಳಿದೆ. ಟಫೆಟಾದಲ್ಲಿ ನೇರ ಎಳೆಯ (ನೇಯ್ಗೆಯ ಉದ್ದದ ನೂಲಿನ) ಮೇಲೆ ಹೊಲಿದರೆ ಇದು ಎದ್ದು ಕಾಣುತ್ತದೆ. ಸೂಜಿಯನ್ನು 14ರಿಂದ 11ಕ್ಕೆ ಇಳಿಸಿ, ನೂಲು ತೆಳುವಾದದ್ದು ಹಾಕಿ, ಗೆರೆಗಳನ್ನು ನೇರ ಎಳೆಯಿಂದ ಸ್ವಲ್ಪ ಓರೆಯಾಗಿಸಿ. ಚೌಕದ ಬದಲು ಡೈಮಂಡ್ ವಿನ್ಯಾಸ ಗೌನ್‌ಗಳಿಗೆ ಒಗ್ಗುವುದಕ್ಕೆ ಚೆಲುವಿನ ಜೊತೆ ಇದೂ ಒಂದು ಕಾರಣ.

ಟೆನ್ಷನ್ ಸರಿಮಾಡುವಾಗ ಬಾಬಿನ್‌ನಿಂದ ಶುರುಮಾಡಿ. ಬಾಬಿನ್ ಕೇಸನ್ನು ನೂಲಿನಿಂದ ನೇತುಹಾಕಿ ಕೈಯನ್ನು ಒಮ್ಮೆ ಮೆಲ್ಲಗೆ ಕುಲುಕಿದರೆ ಅದು 2ರಿಂದ 5 ಸೆಂ.ಮೀ. ಇಳಿದು ನಿಲ್ಲಬೇಕು. ಸರ್ರನೆ ಇಳಿದರೆ ಸಡಿಲ, ಕದಲದಿದ್ದರೆ ಬಿಗಿ. ಸ್ಕ್ರೂವನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸಬೇಡಿ. ಆಮೇಲೆ ಮೇಲಿನ ಟೆನ್ಷನ್. ಮೂರು ಪದರದ ಕೆಲಸಕ್ಕೆ ಸಾಮಾನ್ಯ ಹೊಲಿಗೆಗಿಂತ ಒಂದು ಅಂಕಿ ಕಡಿಮೆ ಇಟ್ಟರೆ ಸಾಕಾಗುತ್ತದೆ. ಎರಡು ನೂಲುಗಳ ಗಂಟು ವ್ಯಾಡಿಂಗ್ ಒಳಗೆ ಅಡಗಬೇಕು. ಮೇಲೆ ಬಾಬಿನ್ ನೂಲಿನ ಚುಕ್ಕೆ ಕಂಡರೆ ಮೇಲಿನದು ಬಿಗಿ, ಅಡಿಯಲ್ಲಿ ಮೇಲಿನ ನೂಲಿನ ಚುಕ್ಕೆ ಕಂಡರೆ ಮೇಲಿನದು ಸಡಿಲ. ಹೊಲಿಗೆಯ ಉದ್ದ 3 ಮಿ.ಮೀ. ಇರಲಿ, ಇಂಚಿಗೆ ಸುಮಾರು 8 ಹೊಲಿಗೆ.

ಸಂಜೆ ಹೊಲಿದಾಗ ಸರಿಯಿದ್ದು ಮರುದಿನ ಬೆಳಿಗ್ಗೆ ಸುಕ್ಕು ಕಾಣಿಸಿಕೊಳ್ಳುವುದು ಬೇರೆಯೇ ರೋಗ. ಪಾಲಿಯೆಸ್ಟರ್ ನೂಲನ್ನು ಬಾಬಿನ್‌ಗೆ ಪೂರ್ಣ ವೇಗದಲ್ಲಿ ಸುತ್ತಿದರೆ ಅದು ಹಿಗ್ಗಿದ ಸ್ಥಿತಿಯಲ್ಲೇ ಹೊಲಿಗೆಗೆ ಹೋಗಿ, ಆಮೇಲೆ ಮೆಲ್ಲಗೆ ಕುಗ್ಗುತ್ತದೆ. ಬಾಬಿನನ್ನು ನಿಧಾನವಾಗಿ ಸುತ್ತಿ. ಬಾಬಿನ್ ಸರಿಯಿದ್ದೂ ಹೀಗಾದರೆ ಮಲ್ ಬಟ್ಟೆ ನೆನೆಸದೆ ಬಳಸಿದ್ದು ಆವಿ ಇಸ್ತ್ರಿಗೆ ಕುಗ್ಗಿರುತ್ತದೆ.

ಅಡಿಪದರದಲ್ಲಿ ಮಡಿಕೆ, ಗೆರೆಗಳ ನಡುವೆ ಓರೆ ಸೆಳೆತ

ಯಂತ್ರದ ಹಲ್ಲು ಅಡಿಪದರವನ್ನು ಹಿಂದಕ್ಕೆ ಎಳೆಯುತ್ತದೆ, ಮೇಲಿನ ಪಾದ ಸ್ಯಾಟಿನನ್ನು ಮುಂದಕ್ಕೆ ತಳ್ಳುತ್ತದೆ. ನಡುವೆ ಮೆತ್ತಗಿನ ವ್ಯಾಡಿಂಗ್ ಇರುವುದರಿಂದ ಎರಡೂ ತಮ್ಮ ಪಾಡಿಗೆ ಹೋಗುತ್ತವೆ. ಪಕ್ಕಪಕ್ಕದ ಎರಡು ಗೆರೆಗಳನ್ನು ಒಂದನ್ನು ಮೇಲಿನಿಂದ ಕೆಳಗೆ, ಇನ್ನೊಂದನ್ನು ಕೆಳಗಿನಿಂದ ಮೇಲೆ ಹೊಲಿದರೆ ನಡುವಿನ ಬಟ್ಟೆ ಹಗ್ಗದಂತೆ ಹುರಿಗೊಳ್ಳುತ್ತದೆ. ಓರೆ ಸೆಳೆತ ಕಂಡರೆ ಮೊದಲು ಕೇಳಬೇಕಾದದ್ದು ಗೆರೆಗಳನ್ನು ಯಾವ ದಿಕ್ಕಿಗೆ ಹೊಲಿದಿರಿ ಎಂದು. ಎಲ್ಲ ಗೆರೆಗಳೂ ಸೊಂಟದಿಂದ ಅಂಚಿಗೇ ಹೋಗಲಿ, ಕಲಿಯ ನಡುಗೆರೆಯಿಂದ ಶುರುವಾಗಿ ಎಡಬಲಕ್ಕೆ ಸಾಗಲಿ.

ದಿಕ್ಕು ಸರಿಯಿದ್ದೂ ಮಡಿಕೆ ಬಿದ್ದರೆ ಪದರಗಳನ್ನು ತಾತ್ಕಾಲಿಕವಾಗಿ ಹಿಡಿಸುವ ಕಚ್ಚಾ ಹೊಲಿಗೆ ಸಾಲದು. 10 ಸೆಂ.ಮೀ. ಚೌಕಗಳಾಗುವಂತೆ ಅಡ್ಡ, ಉದ್ದ ಎರಡೂ ಕಡೆ ಕೈಯಿಂದ ಕಚ್ಚಾ ಹೊಲಿಗೆ ಹಾಕಿ. ತೆಳು ಸೂಜಿ, ತೆಳು ನೂಲು. ಗುಂಡುಸೂಜಿಗಳನ್ನು ಹೆಚ್ಚುವರಿ ಅಂಚಿನಲ್ಲಿ ಮಾತ್ರ ಚುಚ್ಚಿ. ಅಂಟು ಸ್ಪ್ರೇ ವೇಗದ ದಾರಿಯಂತೆ ಕಂಡರೂ ಸೂಜಿಗೆ ಮೆತ್ತಿಕೊಂಡು ಹೊಲಿಗೆ ತಪ್ಪಿಸುತ್ತದೆ. ಸ್ಯಾಟಿನ್ ಗೌನ್‌ಗೆ ನಮ್ಮ ಸಲಹೆ ಕೈಯ ಕಚ್ಚಾ ಹೊಲಿಗೆಯೇ. ಮನೆಯ ಯಂತ್ರಕ್ಕೆ ಮೇಲಿನ ಪದರವನ್ನೂ ಅಡಿಪದರದ ಜೊತೆಗೇ ಸಾಗಿಸುವ ವಾಕಿಂಗ್ ಫುಟ್ ಸಿಗುತ್ತದೆ, ಲೋ ಶ್ಯಾಂಕ್ (ಪಾದ ಕೂರುವ ಸ್ಕ್ರೂ ತಗ್ಗಿನಲ್ಲಿರುವ) ಯಂತ್ರವೋ ಅಲ್ಲವೋ ನೋಡಿಕೊಂಡು ಕೊಳ್ಳಿ. ಅದಿಲ್ಲದಿದ್ದರೆ ಟೆಫ್ಲಾನ್ ಪಾದ ಹಾಕಿ, ಪಾದದ ಒತ್ತಡದ ಸ್ಕ್ರೂ ಸಡಿಲಿಸಿ, ಕಚ್ಚಾ ಹೊಲಿಗೆಯ ಚೌಕವನ್ನು 6 ಸೆಂ.ಮೀ.ಗೆ ಇಳಿಸಿ.

ಕೈಯಲ್ಲೇ ಕ್ವಿಲ್ಟ್ ಮಾಡುವವರಿಗೆ ಈ ನಿಯಮಗಳು ಇಷ್ಟು ಕಟ್ಟುನಿಟ್ಟಲ್ಲ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಕವಂದಿ (ಕೌದಿ) ಹೊಲಿಯುವಾಗ ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಆದರೂ ಪದರ ಉಬ್ಬುವುದಿಲ್ಲ. ಅಲ್ಲಿ ಪ್ರತಿ ಹೊಲಿಗೆಗೂ ಬೆರಳು ಪದರವನ್ನು ಸವರಿ ಕೂರಿಸುತ್ತದೆ. ಯಂತ್ರದಲ್ಲಿ ಆ ಬೆರಳಿನ ಕೆಲಸವನ್ನು ಕಚ್ಚಾ ಹೊಲಿಗೆ ಮುಂಚೆಯೇ ಮಾಡಿಡಬೇಕು.

ಹೊಲಿಗೆ ತಪ್ಪುವುದು, ಜರಿ ನೂಲು ಕಡಿಯುವುದು

ಮೊದಲು ಸೂಜಿ ಬದಲಿಸಿ. ಮನೆಯ ಯಂತ್ರಕ್ಕೆ ಒಂದು ಬದಿ ಚಪ್ಪಟೆಯಿರುವ ಸೂಜಿ, ಇಂಡಸ್ಟ್ರಿಯಲ್ ಯಂತ್ರಕ್ಕೆ ದುಂಡು ಬುಡದ ಸೂಜಿ. ಅದಲು ಬದಲಾದರೆ ಹೊಲಿಗೆ ಬೀಳುವುದೇ ಇಲ್ಲ. ಹಳೆ ಸೂಜಿಯ ತುದಿಯನ್ನು ನೆಟ್ ಬಟ್ಟೆಯ ಮೇಲೆ ಎಳೆದು ನೋಡಿ, ಸಿಕ್ಕಿಕೊಂಡರೆ ತುದಿ ಮುರಿದಿದೆ. ಎರಡು ಕಲಿಗೊಂದು ಹೊಸ ಸೂಜಿ ದುಬಾರಿಯಲ್ಲ. ಹೊಸ ಸೂಜಿಯಲ್ಲೂ ತೆಳು ಬಟ್ಟೆ, ದಪ್ಪ ಬಟ್ಟೆ ಎರಡರಲ್ಲೂ ತಪ್ಪಿದರೆ ಯಂತ್ರದೊಳಗೆ ನೂಲು ಹಿಡಿಯುವ ಹುಕ್ಕಿನ ಟೈಮಿಂಗ್ ತಪ್ಪಿದೆ, ಮೆಕ್ಯಾನಿಕ್‌ಗೆ ತೋರಿಸಿ.

ಜರಿ ನೂಲು ಕಡಿದರೆ ಕಣ್ಣು ದೊಡ್ಡದಿರುವ 14 ಅಥವಾ 16 ನಂಬರ್ ಸೂಜಿ, ಸಡಿಲ ಟೆನ್ಷನ್, ನಿಧಾನ ವೇಗ. ನೂಲಿನ ಉಂಡೆಯನ್ನು ಯಂತ್ರದಿಂದ ದೂರದಲ್ಲಿ ನಿಲ್ಲಿಸಿದರೆ ನೂಲಿನ ಸುರುಳಿ ಬಿಡಿಸಿಕೊಳ್ಳಲು ಸಮಯ ಸಿಗುತ್ತದೆ. ಆದರೂ ಕಡಿಯುತ್ತಿದ್ದರೆ ಜರಿಯನ್ನು ಬಾಬಿನ್‌ಗೆ ಸುತ್ತಿ, ಗುರುತುಗಳನ್ನು ಮಲ್ ಬಟ್ಟೆಯ ಮೇಲೆ ಹಾಕಿ, ಕಲಿಯನ್ನು ಮಗುಚಿ ಹಿಂಬದಿಯಿಂದ ಹೊಲಿಯಿರಿ. ಬಾಬಿನ್ ನೂಲು ಸೂಜಿಯ ಕಣ್ಣಲ್ಲಿ ಓಡಾಡುವುದಿಲ್ಲ, ಹಾಗಾಗಿ ಜರಿ ಸವೆಯುವುದಿಲ್ಲ.

ಬಿಳಿ ನಾರು ಮೇಲೆ ಬರುವುದು

ಕಡು ನೀಲಿ, ಮೆರೂನ್ ಗೌನ್‌ಗಳಲ್ಲಿ ಇದು ಬೇಗ ಕಾಣುತ್ತದೆ. ನಾರನ್ನು ಎಳೆಯಬೇಡಿ, ಒಂದನ್ನು ಎಳೆದರೆ ಅದರ ಹಿಂದೆ ಇನ್ನಷ್ಟು ಬರುತ್ತವೆ. ಕಲಿಯನ್ನು ಎರಡು ಬದಿಗೆ ಮೆಲ್ಲಗೆ ಹಿಗ್ಗಿಸಿ ನಾರು ಒಳಸೇರುವುದೇ ನೋಡಿ, ಉಳಿದದ್ದನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ. ನಾರು ಸೂಜಿಯ ತೂತಿನಲ್ಲಿ ಮಾತ್ರ ಬರುತ್ತಿದ್ದರೆ ಸೂಜಿ ಮೊಂಡಾಗಿದೆ ಅಥವಾ ದಪ್ಪವಾಗಿದೆ. ಎಲ್ಲ ಕಡೆಯೂ ಬರುತ್ತಿದ್ದರೆ ವ್ಯಾಡಿಂಗ್‌ನ ನಾರುಗಳು ಒಂದಕ್ಕೊಂದು ಕಟ್ಟಿಕೊಂಡಿಲ್ಲ. ಉಳಿದ ಕಲಿಗಳಿಗೆ ಬಾಂಡೆಡ್ ವ್ಯಾಡಿಂಗ್ ತನ್ನಿ, ಇಲ್ಲವೇ ಸ್ಯಾಟಿನ್ ಮತ್ತು ವ್ಯಾಡಿಂಗ್ ನಡುವೆ ಅದೇ ಬಣ್ಣದ ತೆಳು ಆರ್ಗಾಂಜಾ ಬಟ್ಟೆಯ ಪದರ ಹಾಕಿ.

ಅಳತೆ ಸರಿಯಿದ್ದೂ ರವಿಕೆ ಭಾಗ ಬಿಗಿ

ಹೊರಗಿನ ಪದರದ ಅಳತೆಗೆ ಪ್ಯಾಟರ್ನ್ ತೆಗೆದು ಒಳಗೆ 4 ಮಿ.ಮೀ. ದಪ್ಪ ತುಂಬಿದರೆ ಒಳಸುತ್ತಳತೆ 2.5 ಸೆಂ.ಮೀ. ಕಡಿಮೆಯಾಗುತ್ತದೆ. ದಪ್ಪವನ್ನು 6.28ರಿಂದ ಗುಣಿಸಿದರೆ ಯಾವ ವ್ಯಾಡಿಂಗ್‌ಗೂ ಈ ಲೆಕ್ಕ ಸಿಗುತ್ತದೆ. ಅಷ್ಟನ್ನು ಬದಿಯ ಹೊಲಿಗೆಗಳಲ್ಲಿ ಹಂಚಿ ಬಿಟ್ಟುಕೊಡಿ. ಇದಕ್ಕಿಂತ ಒಳ್ಳೆಯದು ರವಿಕೆ ಭಾಗದಲ್ಲಿ ವ್ಯಾಡಿಂಗ್ ಬದಲು ಹತ್ತಿಯ ಫ್ಲಾನೆಲ್ ಹಾಕುವುದು. ಕ್ವಿಲ್ಟ್‌ನ ಉಬ್ಬು ಸ್ವಲ್ಪ ಕಡಿಮೆ ಕಾಣುತ್ತದೆ, ಆದರೆ ಏಪ್ರಿಲ್ ತಿಂಗಳ ಹಾಲ್‌ನಲ್ಲಿ ಪಾಲಿಯೆಸ್ಟರ್ ತುಂಬಿದ ರವಿಕೆ ತೊಟ್ಟು ಮೂರು ಗಂಟೆ ನಿಲ್ಲುವ ಹುಡುಗಿಯ ಕಷ್ಟವನ್ನೂ ನೆನೆಯಬೇಕು.

ಭುಜಪಟ್ಟಿ ಇಲ್ಲದ ಗೌನ್ ಕೆಳಗೆ ಜಾರುತ್ತಿದ್ದರೆ ಎದೆಯ ಹತ್ತಿರ ಬಿಗಿಮಾಡಬೇಡಿ. ಭಾರ ಹೊರಬೇಕಾದದ್ದು ಸೊಂಟ. 2.5 ಸೆಂ.ಮೀ. ಅಗಲದ ಹಿಗ್ಗದ ಪಟ್ಟಿಯನ್ನು ಸೊಂಟದ ಅಳತೆಗಿಂತ 1ರಿಂದ 2 ಸೆಂ.ಮೀ. ಕಡಿಮೆ ಮಾಡಿ, ಒಳಬದಿಯ ಹೊಲಿಗೆಗಳಿಗೆ ಕೈಯಿಂದ ಹಿಡಿಸಿ, ತನ್ನದೇ ಹುಕ್ಕು ಕೊಡಿ. ಜಿಪ್ ಎಳೆಯುವ ಮೊದಲು ಈ ಹುಕ್ಕು ಹಾಕಬೇಕು. ರವಿಕೆಯನ್ನು ನೆಟ್ಟಗೆ ನಿಲ್ಲಿಸುವ ಗಟ್ಟಿ ಪಟ್ಟಿಯ, ಅಂದರೆ ಬೋನಿಂಗ್‌ನ, ತುದಿ ಚುಚ್ಚಿದರೆ ಅದನ್ನು ಹೊಲಿಗೆಯ ಗೆರೆಗಿಂತ 8 ಮಿ.ಮೀ. ಮೊದಲೇ ಮುಗಿಸಿಲ್ಲ ಎಂದರ್ಥ.

ಸೊಂಟದ ಹೊಲಿಗೆ ದಪ್ಪಗಾಗಿ ಎದ್ದು ನಿಂತರೆ ಸೀಮ್ ಒಳಗೆ ವ್ಯಾಡಿಂಗ್ ಉಳಿದಿದೆ. ಅಂಚಿನಿಂದ 2.5 ಸೆಂ.ಮೀ.ವರೆಗಿನ ಕ್ವಿಲ್ಟ್ ನೂಲು ಬಿಡಿಸಿ, ತುದಿಗಳನ್ನು ಒಳಕ್ಕೆ ಗಂಟುಹಾಕಿ, ವ್ಯಾಡಿಂಗನ್ನು ಹೊಲಿಗೆಯ ಗೆರೆಯವರೆಗೆ ಕತ್ತರಿಸಿ. ವೃತ್ತದ ಬದಲು ನೇರ ಪಟ್ಟಿಗೆ ನೆರಿಗೆ ಹಿಡಿಯುವ ಘೇರಾದರೆ ಯಂತ್ರದ ನೆರಿಗೆ ಬೇಡ. ಎರಡು ಸಾಲು ಸಮಾನಾಂತರ ಕೈಹೊಲಿಗೆ, ಹೊಲಿಗೆಗೊಂದು ಸೆಂ.ಮೀ., ಎರಡು ಸಾಲಿನ ನೂಲನ್ನೂ ಒಟ್ಟಿಗೆ ಎಳೆದು ಕೊಳವೆಯಂಥ ನೆರಿಗೆಗಳನ್ನು ಮಾಡಿ, ಒಂದೊಂದು ಉಬ್ಬನ್ನೂ ಸೊಂಟಪಟ್ಟಿಗೆ ಎರಡು ಹೊಲಿಗೆ ಹಾಕಿ ಹಿಡಿಸಿ.

ಮಣಿ, ಚಮಕಿ, ಕಲ್ಲು

ಉದುರಿದ ಜಾಗದಲ್ಲಿ ಉಳಿದ ನೂಲಿನ ತುದಿಯನ್ನು ಮೊದಲು ನೋಡಿ. ತುದಿ ಕತ್ತರಿಸಿದಂತೆ ನುಣುಪಾಗಿದ್ದರೆ ಮಣಿಯ ಅಂಚು ಹರಿತ. ಕೊಳವೆಯಂಥ ಮಣಿಯಾದ ಕಟ್‌ದಾನದಲ್ಲಿ ಇದು ಸಾಮಾನ್ಯ. ಮೇಣ ಸವರಿದ ನೈಲಾನ್ ಅಥವಾ ಪಾಲಿಯೆಸ್ಟರ್ ಮಣಿನೂಲು ಬಳಸಿ, ಕಟ್‌ದಾನದ ಎರಡು ತುದಿಗೂ ಒಂದೊಂದು ಸಣ್ಣ ದುಂಡು ಮಣಿ ಕೊಡಿ, ಆಗ ನೂಲು ಹರಿತ ಅಂಚಿನ ಮೇಲೆ ಬಾಗುವುದಿಲ್ಲ. ತುದಿ ಹಿಂಜಿಕೊಂಡಿದ್ದರೆ ಉಜ್ಜಿ ಸವೆದಿದೆ. ತೋಳಿನ ಕೆಳಗೆ, ಕುಳಿತಾಗ ಒತ್ತುವ ಹಿಂಬದಿಯಲ್ಲಿ ಮಣಿಯೇ ಬೇಡ. ನೂಲು ಕಡಿಯದೆ ಉದ್ದಕ್ಕೆ ಸುಲಿದು ಬಂದಿದ್ದರೆ ಅದು ಆರಿ ಸೂಜಿಯ (ತುದಿಯಲ್ಲಿ ಕೊಕ್ಕೆಯಿರುವ ಸೂಜಿಯ) ಸರಪಳಿ ಹೊಲಿಗೆ, ಕೊನೆಯ ಕುಣಿಕೆಗೆ ಬೀಗ ಬಿದ್ದಿಲ್ಲ. ಸರಪಳಿ ಹೊಲಿಗೆಯ ಸ್ವಭಾವವೇ ಹಾಗೆ, ಕೊನೆ ಬಿಟ್ಟರೆ ಸಾಲು ಪೂರ್ತಿ ಹೋಗುತ್ತದೆ. ಪ್ರತಿ 5 ಸೆಂ.ಮೀ.ಗೆ ಹಿಂಬದಿಯಲ್ಲಿ ಸಾಮಾನ್ಯ ಸೂಜಿಯಿಂದ ಗಂಟು ಹಾಕಿಬಿಡಿ.

ಕ್ವಿಲ್ಟ್ ಮಾಡುವಾಗ ಸೂಜಿ ಮುರಿಯುತ್ತಿದ್ದರೆ ಮಣಿ ಗೆರೆಗೆ ತೀರಾ ಹತ್ತಿರವಿದೆ. ಆರಿ ಕೆಲಸವನ್ನು ಸ್ಯಾಟಿನ್ ಮತ್ತು ಆರ್ಗಾಂಜಾ ಜೊತೆಗೂಡಿಸಿ ಚೌಕಟ್ಟಿನ ಮೇಲೆ ಮೊದಲೇ ಮುಗಿಸಬೇಕು. ವ್ಯಾಡಿಂಗ್ ಸೇರಿದ ಮೇಲೆ ಆರಿ ಸೂಜಿಯ ಕೊಕ್ಕೆ ನಾರನ್ನು ಎಳೆದು ತರುತ್ತದೆ. ಆದರೆ ಕ್ವಿಲ್ಟ್ ಗೆರೆಯ ಎರಡು ಬದಿಗೂ ಪಾದ ಹಾಯುವಷ್ಟು ಜಾಗ ಬಿಟ್ಟಿರಬೇಕು. ಸಾಮಾನ್ಯ ಪಾದಕ್ಕೆ 1 ಸೆಂ.ಮೀ. ಸಾಕು, ವಾಕಿಂಗ್ ಫುಟ್ ಅಗಲ, ಅದಕ್ಕೆ 1.5 ಬೇಕು. ಜಾಗ ಸಾಲದ ಕಡೆ ಜಿಪ್ ಪಾದ ಹಾಕಿ ಚಕ್ರವನ್ನು ಕೈಯಿಂದ ತಿರುಗಿಸಿ, ಇಲ್ಲವೇ ಆ ತುಂಡು ಗೆರೆಯನ್ನು ಕೈಯಿಂದಲೇ ಹೊಲಿಯಿರಿ.

ಒಂದೊಂದು ಮಣಿಯ ಸುತ್ತ ಗುಳಿ ಬಿದ್ದರೆ ನೂಲು ಎಳೆದದ್ದು ಹೆಚ್ಚಾಯಿತು. ಗುಳಿಯಿಲ್ಲದೆ ಮಣಿಯಿಂದ ಮಾಡಿದ ಇಡೀ ಹೂವು ಕೆಳಕ್ಕೆ ಬಾಗಿ ಅದರ ಅಡಿಯಲ್ಲಿ ಬಿಲ್ಲಿನಂಥ ಸುಕ್ಕು ಬಿದ್ದರೆ ಕಾರಣ ಬೇರೆ. ಅಲ್ಲಿ ಭಾರವನ್ನೆಲ್ಲ ಸ್ಯಾಟಿನ್ ಒಂದೇ ಹೊತ್ತಿದೆ. ಹೂವಿನ ಅಂಚಿನ ಸುತ್ತ, ಮಲ್ ಬಟ್ಟೆಯವರೆಗೂ ಇಳಿಯುವಂತೆ, ಸೆಂ.ಮೀ.ಗೊಂದು ಸಣ್ಣ ಕೈಹೊಲಿಗೆ ಹಾಕಿದರೆ ಭಾರ ಮೂರು ಪದರಕ್ಕೂ ಹಂಚಿಹೋಗುತ್ತದೆ, ಏನನ್ನೂ ಬಿಚ್ಚಬೇಕಿಲ್ಲ. ದೊಡ್ಡ ಕಲ್ಲುಗಳನ್ನು ಕ್ವಿಲ್ಟ್ ಮುಗಿದ ಮೇಲೆ ಗೆರೆಗಳು ಕೂಡುವ ಬಿಂದುವಿನಲ್ಲಿ ಮಾತ್ರ ಹೊಲಿಯಿರಿ. ಅಲ್ಲಿ ಪದರಗಳು ಈಗಾಗಲೇ ಕಟ್ಟಿಕೊಂಡಿವೆ.

ಬಿಸಿಗೆ ಅಂಟುವ ಕಲ್ಲುಗಳನ್ನು ವ್ಯಾಡಿಂಗ್ ಸೇರುವ ಮೊದಲೇ ಕೂರಿಸಿ. ಆಮೇಲೆ ಇಸ್ತ್ರಿ ಒತ್ತಿದರೆ ಪಾಲಿಯೆಸ್ಟರ್ ವ್ಯಾಡಿಂಗ್ ಚಪ್ಪಟೆಯಾಗಿ ಮತ್ತೆ ಏಳುವುದಿಲ್ಲ. ಸಿದ್ಧ ಗೌನ್‌ಗೆ ಆವಿಯನ್ನು ದೂರದಿಂದ ಮಾತ್ರ ತೋರಿಸಿ. ಗ್ಲೂ ಗನ್ ಅಂಟು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮೆತ್ತಗಾಗುತ್ತದೆ. ಬಾಲ್ ಗೌನ್‌ಗೆ ಅದು ಸಲ್ಲ.

ಗುರುತು ಮತ್ತು ಮಳೆ

ಮೇಣದ ಚಾಕ್ ಇಸ್ತ್ರಿ ತಾಗಿದರೆ ಸ್ಯಾಟಿನ್‌ನಲ್ಲಿ ಎಣ್ಣೆಯಂತೆ ಉಳಿಯುತ್ತದೆ. ಬಿಸಿಗೆ ಅಳಿಯುವ ಪೆನ್ನಿನ ಗೆರೆ ತೀರಾ ಚಳಿಯಲ್ಲಿ ಮತ್ತೆ ಮೂಡುತ್ತದೆ. ಗೌನ್ ಕೆನಡಾಕ್ಕೆ ಹೋಗುವುದಿದ್ದರೆ ಆ ಪೆನ್ ಮುಟ್ಟಬೇಡಿ. ತೆಳು ಬಿಳಿ ನೂಲಿನ ಗುರುತುಹೊಲಿಗೆ ನಿಧಾನದ್ದು, ಆದರೆ ನಂಬಬಹುದಾದದ್ದು ಅದೇ.

ಕಂದು ಚುಕ್ಕೆ ಕಂಡರೆ ಬಟ್ಟೆಯಲ್ಲಿ ಬಿಟ್ಟ ಗುಂಡುಸೂಜಿ, ಕಬ್ಬಿಣದ ಹುಕ್ಕು, ಸ್ಟೀಲ್ ಬೋನಿಂಗ್‌ನ ಕತ್ತರಿಸಿದ ತುದಿ ಇವುಗಳನ್ನು ಹುಡುಕಿ. ಕರಾವಳಿಯ ಹವೆಯಲ್ಲಿ ಒಂದು ರಾತ್ರಿ ಬಿಟ್ಟ ಸೂಜಿಯೂ ತುಕ್ಕಿನ ಗುರುತು ಬಿಡಬಹುದು. ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸೂಜಿ, ಪ್ಲಾಸ್ಟಿಕ್ ಬೋನಿಂಗ್ ಸುರಕ್ಷಿತ. ಬೂದು ಚುಕ್ಕೆ ಒಳಪದರದಿಂದ ಶುರುವಾಗಿದ್ದರೆ ಅದು ಬೂಷ್ಟು. ತೇವವಿರುವಾಗ ಹತ್ತಿ ವ್ಯಾಡಿಂಗನ್ನು ಒಳಗೆ ಮುಚ್ಚಿ ಹೊಲಿದಿದ್ದಾರೆ ಎಂದು ತಿಳಿಯಿರಿ. ಮುಗಿದ ಕಲಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ. ತೊಳೆದ ಮಲ್ ಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವ ಕಡೆ ಇಡಿ. ಜರಿ ಕೆಲಸ ಒಂದಕ್ಕೊಂದು ತಾಗದಂತೆ ನಡುವೆ ಬಟ್ಟೆ ಹಾಕಿ.

ಅಂಚು ಏರುಪೇರು

ಜೋಡಿಸಿದ ಘೇರನ್ನು ಪೆಟಿಕೋಟ್ ಸಮೇತ ಡಮ್ಮಿಯ ಮೇಲೆ 48 ಗಂಟೆ ಬಿಟ್ಟು, ಮದುವೆಯ ದಿನ ಹಾಕುವ ಚಪ್ಪಲಿಯ ಎತ್ತರಕ್ಕೆ ಡಮ್ಮಿಯನ್ನು ಏರಿಸಿ, ನೆಲದಿಂದ ಮೇಲಕ್ಕೆ ಅಳೆಯಿರಿ. ಕಲಿಗಳನ್ನು ಕೂಡಿಸಿದ 8 ಹೊಲಿಗೆಗಳ ಬಳಿ ಮಾತ್ರ ಇಳಿದಿದ್ದರೆ ಅದು ಓರೆ ಎಳೆಯ ಗುಣ: ಪ್ರತಿ ಕಲಿಯ ಬದಿ ನೇರ ಎಳೆಯಿಂದ 22.5 ಡಿಗ್ರಿ ಓರೆಯಿರುತ್ತದೆ. ಹೂವಿನ ಕೆಲಸದ ಕೆಳಗೆ ಮಾತ್ರ ಇಳಿದಿದ್ದರೆ ಅದು ಭಾರ. ಮುಂದೆ ಪೂರ್ತಿ ಏರಿದ್ದರೆ ಪೆಟಿಕೋಟ್‌ನ ಉಬ್ಬು ಮುಂದಕ್ಕೆ ಸರಿದಿದೆ, ಅದನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಅಳೆಯಿರಿ.

ಅಂಚಿನಲ್ಲಿ ಕಸೂತಿ ಇಲ್ಲದಿದ್ದರೆ ಅಲ್ಲೇ ಕತ್ತರಿಸಿ ಸರಿಮಾಡಬಹುದು. ಕಸೂತಿ ಇದ್ದರೆ ತಿದ್ದುಪಡಿ ಸೊಂಟದಲ್ಲೇ ಆಗಬೇಕು. ಇಳಿದ ಕಡೆಯ ಸೊಂಟದ ಹೊಲಿಗೆಯನ್ನು ಬಿಡಿಸಿ, ಎಷ್ಟು ಇಳಿದಿದೆಯೋ ಅಷ್ಟನ್ನು ಮೇಲಕ್ಕೆ ಎತ್ತಿ ಮತ್ತೆ ಹೊಲಿಯಿರಿ. ಆದ್ದರಿಂದ ಅಂಚು ಸಮವಾಗುವವರೆಗೆ ಸೊಂಟವನ್ನು ಯಂತ್ರದಲ್ಲಿ ಹೊಲಿಯದೆ ಕಚ್ಚಾ ಹೊಲಿಗೆಯಲ್ಲೇ ಇಡಿ, ಸೊಂಟದ ಅಂಚಿನ 5 ಸೆಂ.ಮೀ. ಹೆಚ್ಚುವರಿಯನ್ನೂ ಅಲ್ಲಿಯವರೆಗೆ ಕತ್ತರಿಸಬೇಡಿ. ಆಮೇಲೆ ಒಳಬದಿಯ ಸೊಂಟಪಟ್ಟಿಗೆ ಎರಡು ಟೇಪಿನ ಕುಣಿಕೆ ಹೊಲಿದು, ಗೌನನ್ನು ಭುಜದಿಂದಲ್ಲದೆ ಆ ಕುಣಿಕೆಗಳಿಂದಲೇ ನೇತುಹಾಕಿ.